ಐಶ್ವರ್ಯವೂ ಕ್ರೈಸ್ತ ಶ್ರದ್ಧೆಯೂ

ಬೆಳಗಾವಿ ಜಿಲ್ಲೆಯ ಹುಕ್ಕೇರಿಯನ್ನು ಕಂಡವರು ಅಲ್ಲಿಯ ಗುಮ್ಮಟಗಳನ್ನು ಮರೆತಿರಲಾರರು. ಬಿಜಾಪುರದ ಆದಿಲಶಾಹಿ ಅರಸರ ಕಾಲದಲ್ಲಿ ಅಧಿಕಾರವನ್ನೂ ಸಿರಿಯನ್ನೂ ಅನುಭವಿಸಿದವರ ಗೋರಿಗಳು ಅವು. ಅವರ ಭಂಡಾರದಲ್ಲಿ ಏನಿತ್ತು, ಅದು ಯಾರ ಕೈಸೇರಿತು ಎಂದು ಕೇಳಿದರೆ ಹೇಳಬಲ್ಲವರು ವಿರಳ. ಕಲ್ಲೂ ಗಾರೆಯೂ ಮಾತ್ರ ಉಳಿದಿವೆ. ಅದೇ ತಾಲ್ಲೂಕಿನಲ್ಲಿ ಹರಿದುಬರುವ ಘಟಪ್ರಭಾ ನದಿಯು ಮುಂದೆ ಗೋಕಾಕದ ಬಳಿ ಸುಮಾರು 170 ಅಡಿ ಎತ್ತರದಿಂದ ಧುಮುಕುತ್ತದೆ. ಆ ನೀರಿನ ಬಲದಿಂದಲೇ ಯಂತ್ರಗಳನ್ನು ತಿರುಗಿಸಿ 1887ರಲ್ಲಿ ಅಲ್ಲಿ ನೂಲಿನ ಗಿರಣಿಯೊಂದನ್ನು ನಡೆಸಲು ಮೊದಲುಮಾಡಿದರು. ಸುತ್ತಣ ಹಳ್ಳಿಗಳ ಒಕ್ಕಲುಮಕ್ಕಳು ಆ ಗಿರಣಿಯ ಕೂಲಿಗಾರರಾದರು. ಒಂದು ಕಡೆ ಕೂಡಿಟ್ಟು ಮುಗಿದುಹೋದ ಐಶ್ವರ್ಯ, ಮತ್ತೊಂದು ಕಡೆ ಸಾವಿರಾರು ಕೈಗಳನ್ನು ದುಡಿಸಿ ತಾನೂ ಬೆಳೆಯುವ ಐಶ್ವರ್ಯ. ಒಂದೇ ಸೀಮೆಯಲ್ಲಿ ಈ ಎರಡನ್ನೂ ಕಾಣುವವನಿಗೆ, ಹಣದ ವಿಷಯದಲ್ಲಿ ಧರ್ಮವು ಏನು ಹೇಳುತ್ತದೆ ಎಂಬ ಪ್ರಶ್ನೆ ಹುಟ್ಟುವುದು ಸಹಜ.

ಈ ಪ್ರಶ್ನೆಗೆ ಪ್ರತಿಯೊಂದು ಮತವೂ ತನ್ನದೇ ಆದ ಉತ್ತರವನ್ನು ಕೊಟ್ಟಿದೆ. ಈ ಹೊತ್ತು ಕ್ರೈಸ್ತ ಮತದ ಉತ್ತರವನ್ನು ವಿಚಾರಮಾಡೋಣ. ಅದನ್ನು ಗ್ರಂಥದಲ್ಲಿ ಮಾತ್ರ ನೋಡಿದರೆ ಸಾಲದು. ಆ ಮತವು ನಮ್ಮ ಕನ್ನಡನಾಡಿನಲ್ಲಿಯೇ ಹಣವನ್ನು ಕೈಯಲ್ಲಿ ಹಿಡಿದು, ಕಾರ್ಖಾನೆಗಳನ್ನು ಕಟ್ಟಿ, ಲಾಭನಷ್ಟಗಳ ಲೆಕ್ಕ ಬರೆದ ಚರಿತ್ರೆಯೊಂದುಂಟು. ಬೋಧನೆಯ ಬೆಲೆ ಆಚರಣೆಯಲ್ಲಿ ತಿಳಿಯುತ್ತದೆಯಾದುದರಿಂದ ಆ ಚರಿತ್ರೆಯನ್ನೂ ಸ್ವಲ್ಪ ನೋಡಬೇಕು.

ಮೊದಲು ಬೋಧನೆ. ಯೇಸುವು ಬಡಗಿಯ ಮನೆಯಲ್ಲಿ ಬೆಳೆದವನು. ತಲೆಯಿಡಲು ಸ್ವಂತದ ಸ್ಥಳವಿಲ್ಲದೆ ಊರೂರು ಅಲೆದವನು. ಆದುದರಿಂದ ಅವನ ಬೋಧನೆಯಲ್ಲಿ ಸಿರಿವಂತರ ಮೇಲೆ ಕಟುವಾದ ಮಾತುಗಳಿರುವುದು ಆಶ್ಚರ್ಯವಲ್ಲ. ನಿತ್ಯಜೀವವನ್ನು ಪಡೆಯಲು ಏನು ಮಾಡಬೇಕೆಂದು ಕೇಳಿಕೊಂಡು ಬಂದ ಒಬ್ಬ ಶ್ರೀಮಂತ ತರುಣನಿಗೆ, ಇರುವುದನ್ನೆಲ್ಲ ಮಾರಿ ಬಡವರಿಗೆ ಕೊಟ್ಟು ನನ್ನ ಹಿಂದೆ ಬಾ ಎಂಬರ್ಥದ ಉತ್ತರ ದೊರೆಯಿತು. ತರುಣನು ಮುಖ ಬಾಡಿಸಿಕೊಂಡು ಹೊರಟುಹೋದನು. ಸೂಜಿಯ ಕಣ್ಣನ್ನೂ ಒಂಟೆಯನ್ನೂ ಕುರಿತ ಪ್ರಸಿದ್ಧವಾದ ಹೋಲಿಕೆ ಬರುವುದು ಆ ಸಂದರ್ಭದಲ್ಲಿಯೇ. ಇನ್ನೊಂದು ಕಥೆಯಲ್ಲಿ ಒಬ್ಬ ರೈತನು ಬೆಳೆ ಹೆಚ್ಚಾಯಿತೆಂದು ಹಳೆಯ ಕಣಜಗಳನ್ನು ಕೆಡವಿ ದೊಡ್ಡ ಕಣಜಗಳನ್ನು ಕಟ್ಟುವ ಯೋಚನೆಯಲ್ಲಿರುವಾಗ ಅದೇ ರಾತ್ರಿ ಅವನ ಪ್ರಾಣ ಹೋಗುತ್ತದೆ. ಮತ್ತೊಂದರಲ್ಲಿ ಸಿರಿವಂತನ ಬಾಗಿಲಲ್ಲಿ ಹುಣ್ಣಿನಿಂದ ನರಳುತ್ತ ಬಿದ್ದಿದ್ದ ಲಾಜರನೆಂಬ ಭಿಕ್ಷುಕನು ಸತ್ತಮೇಲೆ ಸದ್ಗತಿಯನ್ನು ಪಡೆಯುತ್ತಾನೆ. ಸಿರಿವಂತನಿಗೆ ಯಾತನೆ ತಪ್ಪುವುದಿಲ್ಲ. ದೇವರು, ಮಾಮೋನ್ ಎಂಬ ಇಬ್ಬರು ಯಜಮಾನರಿಗೆ ಒಬ್ಬ ಆಳು ಸೇವೆಮಾಡಲಾರನೆಂಬುದು ಇವೆಲ್ಲಕ್ಕೂ ಕಿರೀಟಪ್ರಾಯವಾದ ಬೋಧೆ. ಮಾಮೋನ್ ಎಂಬುದು ಯೇಸುವು ಆಡುತ್ತಿದ್ದ ಅರಮಾಯಿಕ್ ಭಾಷೆಯ ಮಾತು; ಧನವೆಂದು ಅದರ ಅರ್ಥ.

ಇಷ್ಟನ್ನೇ ಓದಿದವನು, ಕ್ರೈಸ್ತನಾದವನು ಹಣವನ್ನು ಮುಟ್ಟಲೇಕೂಡದು ಎಂದು ತೀರ್ಮಾನಿಸಬಹುದು. ಆದರೆ ಅದೇ ಗ್ರಂಥದಲ್ಲಿ ಜಕ್ಕಾಯನೆಂಬ ಸುಂಕದವರ ಮುಖ್ಯಸ್ಥನ ಕಥೆಯೂ ಇದೆ. ಅವನು ತನ್ನ ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆ ಕೊಡುವುದಾಗಿಯೂ, ಅನ್ಯಾಯವಾಗಿ ಕಿತ್ತುಕೊಂಡುದನ್ನು ನಾಲ್ಕರಷ್ಟು ಹಿಂದಿರುಗಿಸುವುದಾಗಿಯೂ ಒಪ್ಪಿದನು. ಮಿಕ್ಕುದನ್ನೂ ಕೊಡೆಂದು ಯೇಸುವು ಅವನನ್ನು ಕೇಳಲಿಲ್ಲ. ಅವನ ಮನೆಯಲ್ಲಿಯೇ ಅತಿಥಿಯಾಗಿ ಇಳಿದನು. ದೇವಾಲಯದ ಕಾಣಿಕೆಪೆಟ್ಟಿಗೆಯಲ್ಲಿ ಎರಡು ಕಾಸು ಹಾಕಿದ ಬಡ ವಿಧವೆಯನ್ನು ಹೊಗಳಿದಾಗ, ಆಕೆಯ ಬಡತನವನ್ನು ಹೊಗಳಿದುದಲ್ಲ. ಆಕೆ ತನಗೆಂದು ಏನನ್ನೂ ಹಿಡಿದಿಟ್ಟುಕೊಳ್ಳಲಿಲ್ಲವೆಂಬುದನ್ನು ಹೊಗಳಿದುದು. ಸಂತ ಪೌಲನು ಗುಡಾರಗಳನ್ನು ಮಾಡುವ ಕಸಬಿನಿಂದ ತನ್ನ ಹೊಟ್ಟೆಯನ್ನು ಹೊರೆದುಕೊಳ್ಳುತ್ತಿದ್ದನು. ಹಣವೇ ಪಾಪದ ಮೂಲವೆಂದು ಅವನು ಹೇಳಿದನೆಂದು ಜನ ಸಾಮಾನ್ಯವಾಗಿ ತಿಳಿದಿದ್ದಾರೆ. ಅವನ ಪತ್ರದಲ್ಲಿ ಕೇಡಿನ ಬೇರೆಂದು ಹೇಳಿರುವುದು ಹಣದ ಮೋಹವನ್ನು, ಹಣವನ್ನಲ್ಲ. ಯಾಕೋಬನ ಪತ್ರವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೊಲ ಕೊಯ್ದವರಿಗೆ ಕೊಡದೆ ಹಿಡಿದ ಕೂಲಿಯು ದೇವರ ಮುಂದೆ ಮೊರೆಯಿಡುತ್ತದೆಂದು ಸಿರಿವಂತರನ್ನು ಎಚ್ಚರಿಸುತ್ತದೆ.

ಹೀಗೆ ಒಟ್ಟಾಗಿ ನೋಡಿದರೆ ಕ್ರೈಸ್ತ ಬೋಧನೆಯು ಎಷ್ಟು ಹಣವಿರಬೇಕೆಂದು ಕೇಳುವುದಿಲ್ಲ. ಅದು ಕೇಳುವ ಪ್ರಶ್ನೆಗಳು ಮೂರು: ಇದು ಹೇಗೆ ಬಂದಿತು? ಇದು ಯಾರಿಗಾಗಿ ಇದೆ? ಇಲ್ಲಿ ಯಜಮಾನ ಯಾರು, ಆಳು ಯಾರು? ಈ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಚರಿತ್ರೆ ತಿಳಿಯಾಗುತ್ತದೆ.

ಮೊದಲ ಕ್ರೈಸ್ತರು ಜೆರೂಸಲೇಮಿನಲ್ಲಿ ಆಸ್ತಿಯನ್ನು ಮಾರಿ ಎಲ್ಲವನ್ನೂ ಸಾಮಾನ್ಯವಾಗಿ ಅನುಭವಿಸಿದರೆಂದು ಗ್ರಂಥ ಹೇಳುತ್ತದೆ. ಆ ಏರ್ಪಾಡು ಬಹುಕಾಲ ನಿಲ್ಲಲಿಲ್ಲ. ಸಭೆಯು ಬೆಳೆದಂತೆ ಅದಕ್ಕೆ ಭೂಮಿ, ಮಠ, ಭಂಡಾರಗಳು ಸೇರಿದುವು. ಹದಿಮೂರನೆಯ ಶತಮಾನದ ಆರಂಭದಲ್ಲಿ ಅಸಿಸಿ ಪಟ್ಟಣದ ಜವಳಿ ವರ್ತಕನ ಮಗ ಫ್ರಾನ್ಸಿಸನು ತಂದೆಯ ಸಿರಿಯನ್ನು ತ್ಯಜಿಸಿ ಭಿಕ್ಷಾನ್ನದಿಂದ ಬಾಳಿದನು. 1517ರಲ್ಲಿ ಮಾರ್ಟಿನ್ ಲೂಥರನು ಎದ್ದುನಿಂತುದು ಪಾಪವಿಮೋಚನೆಯ ಪತ್ರಗಳನ್ನು ಹಣಕ್ಕೆ ಮಾರುವ ವ್ಯಾಪಾರದ ಮೇಲೆ. ಹದಿನೆಂಟನೆಯ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ವೆಸ್ಲಿ ತನ್ನ ಅನುಯಾಯಿಗಳಿಗೆ, ನ್ಯಾಯವಾಗಿ ಆದಷ್ಟು ಸಂಪಾದಿಸಿ, ಆದಷ್ಟು ಉಳಿಸಿ, ಆದಷ್ಟು ಕೊಡಿರೆಂದು ಬೋಧಿಸಿದನು. ಆಕ್ಸ್‌ಫರ್ಡಿನಲ್ಲಿದ್ದಾಗ ವರ್ಷಕ್ಕೆ 30 ಪೌಂಡು ಬರುತ್ತಿದ್ದರೆ 28 ಪೌಂಡುಗಳಲ್ಲಿ ಜೀವನಮಾಡಿ ಎರಡನ್ನು ಕೊಟ್ಟನು. ವರಮಾನ 60 ಆದಾಗಲೂ 28ರಲ್ಲಿಯೇ ಬಾಳಿ 32ನ್ನು ಕೊಟ್ಟನು. 90 ಆದಾಗ 62ನ್ನು ಕೊಟ್ಟನು. ಆದರೂ ಅವನಿಗೆ ಒಂದು ಭಯ ಕಡೆಯವರೆಗೆ ಇತ್ತು. ಭಕ್ತಿಯು ಜನರನ್ನು ಶ್ರಮಜೀವಿಗಳನ್ನಾಗಿಯೂ ಮಿತವ್ಯಯಿಗಳನ್ನಾಗಿಯೂ ಮಾಡುತ್ತದೆ. ಅವೆರಡರಿಂದ ಹಣ ಸೇರುತ್ತದೆ. ಹಣ ಸೇರಿದ ಮೇಲೆ ಭಕ್ತಿ ಇಳಿಯುತ್ತದೆ. ಇದಕ್ಕೆ ಪರಿಹಾರವೇನು ಎಂದು ಅವನು ಚಿಂತಿಸುತ್ತಿದ್ದನು. 1904-05ರಲ್ಲಿ ಮಾಕ್ಸ್ ವೇಬರ್ ಎಂಬ ಜರ್ಮನ್ ವಿದ್ವಾಂಸನು ಪ್ರಾಟೆಸ್ಟಂಟ್ ಮತದ ಶಿಸ್ತಿಗೂ ಆಧುನಿಕ ಬಂಡವಾಳಕ್ಕೂ ಇರುವ ಸಂಬಂಧವನ್ನು ಕುರಿತು ಬರೆದಾಗ, ಆ ಭಯವೇ ಒಂದು ಸಿದ್ಧಾಂತದ ರೂಪವನ್ನು ತಾಳಿತು.

ಈಗ ನಮ್ಮ ನಾಡಿಗೆ ಬರೋಣ. ಲಂಡನ್ ಮಿಶನ್ನಿನವರು 1810ರಲ್ಲಿ ಬಳ್ಳಾರಿಗೂ, 1820ರಲ್ಲಿ ಬೆಳಗಾವಿಗೂ ಬಂದರು. ಬೆಳಗಾವಿಯ ಅವರ ಕೆಲಸವು 1904ರಲ್ಲಿ ಅಮೆರಿಕದ ಮೆಥಡಿಸ್ಟ್ ಮಿಶನ್ನಿಗೆ, ಎಂದರೆ ವೆಸ್ಲಿಯ ಪರಂಪರೆಯವರಿಗೆ, ಸೇರಿತು. ಹಣದ ಪ್ರಶ್ನೆಯು ತೀವ್ರವಾಗಿ ಎದ್ದುದು ಮಾತ್ರ ಕರಾವಳಿಯಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಸ್ಥಾಪಿತವಾದ ಮಿಶನ್ನಿನ ಮೂವರು ಪಾದ್ರಿಗಳು 1834ರಲ್ಲಿ ಮಂಗಳೂರಿಗೆ ಬಂದು ಇಳಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ ಅವರ ಕೇಂದ್ರಗಳಾದುವು. ಇವರಲ್ಲಿ ಹೆಚ್ಚಿನವರು ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳು. ಅವರನ್ನು ಕಳುಹಿಸಿದ ಸಮಿತಿಯಲ್ಲಿ ಬಾಸೆಲಿನ ಶ್ರೀಮಂತ ವರ್ತಕರಿದ್ದರು. ಅದರ ಜೊತೆಗೆ 1855ರಲ್ಲಿ ಏರ್ಪಟ್ಟ ವಂತಿಗೆಯ ಪದ್ಧತಿಯಂತೆ, ಸಾಧಾರಣ ಜನರು ವಾರಕ್ಕೆ ಅರ್ಧ ಬಾಟ್ಸೆನ್, ಎಂದರೆ ಕೆಲವು ಕಾಸುಗಳನ್ನು, ಕೊಡುತ್ತಿದ್ದರು. ಶ್ರೀಮಂತನ ದಾನವೂ ವಿಧವೆಯ ಕಾಸೂ ಒಂದೇ ಪೆಟ್ಟಿಗೆಯಲ್ಲಿ ಬಿದ್ದುವು.

ಇಲ್ಲಿ ಬಂದಮೇಲೆ ಅವರು ಎದುರಿಸಿದ ಪ್ರಶ್ನೆಯನ್ನು ಅವರು ಎಣಿಸಿರಲಿಲ್ಲ. ಅಂದಿನ ದಿನಗಳಲ್ಲಿ ಮತಾಂತರವೆಂದರೆ ನಂಬಿಕೆಯ ಬದಲಾವಣೆ ಮಾತ್ರವಲ್ಲ. ಮನೆ, ಜಮೀನು, ಕಸಬು, ನೆಂಟಸ್ತಿಕೆ ಎಲ್ಲವೂ ಒಂದೇ ದಿನದಲ್ಲಿ ಕಳಚಿಬೀಳುವ ಸಂಗತಿ. ಮಂಗಳೂರಿನ ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾಯ ಕೌಂಡಿನ್ಯನು 1844ರಲ್ಲಿ ಕ್ರೈಸ್ತನಾದಾಗ ಊರಿನಲ್ಲಿ ದೊಡ್ಡ ಕ್ಷೋಭೆಯಾಯಿತು. ಅವನ ಹೆಂಡತಿ ಅವನನ್ನು ಅನುಸರಿಸಲಿಲ್ಲ. ಮತವನ್ನು ಬಿಟ್ಟವನಿಗೆ ಪಿತ್ರಾರ್ಜಿತದ ಹಕ್ಕು ತಪ್ಪಬಾರದೆಂಬ ಕಾನೂನು ಬಂದುದು 1850ರಲ್ಲಿ. ಅದು ಆ ವರ್ಷದ ಇಪ್ಪತ್ತೊಂದನೆಯ ಶಾಸನ. ಕಾನೂನು ಬಂದ ಮಾತ್ರಕ್ಕೆ ಮನೆಯ ಬಾಗಿಲು ತೆರೆಯಿತೆಂದು ಹೇಳುವಂತಿಲ್ಲ. ಕೌಂಡಿನ್ಯನು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಹಿಂದಿರುಗಿದನು. ಮುಂದೆ ಕೊಡಗಿನಲ್ಲಿ ಹೊಲೆಯರೆಂದು ದೂರವಿಡಲ್ಪಟ್ಟಿದ್ದ ಜೀತದಾಳುಗಳು ಕೆಲವರು ಕ್ರೈಸ್ತರಾದಾಗ, ಅವರ ನೆಲೆಗಾಗಿ ಒಂದು ಹಳ್ಳಿ ಏರ್ಪಟ್ಟಿತು. ಅದಕ್ಕೆ ಅವನ ಹೆಸರಿನಿಂದಲೇ ಆನಂದಪುರವೆಂದು ಹೆಸರಾಯಿತು. ಶ್ರದ್ಧೆಗಾಗಿ ಮನೆಮಾರನ್ನು ಬಿಟ್ಟವನ ಹೆಸರು, ಎಂದೂ ಮನೆಮಾರಿಲ್ಲದವರ ಊರಿಗೆ ಬಂದಿತು.

ಕೌಂಡಿನ್ಯನಂತಹ ವಿದ್ಯಾವಂತನು ಹೇಗೋ ನಿಲ್ಲಬಲ್ಲನು. ಬಡವರ ಗತಿ ಬೇರೆ. ತುಳುನಾಡಿನಲ್ಲಿ ಕ್ರೈಸ್ತರಾದವರಲ್ಲಿ ಬಿಲ್ಲವರು ಬಹಳ ಮಂದಿ. ಅವರಲ್ಲಿ ಅನೇಕರ ಕಸಬು ಶೇಂದಿ ಇಳಿಸುವುದು. ಕ್ರೈಸ್ತನಿಗೆ ಅದು ಸಲ್ಲದೆಂದು ಮಿಶನ್ನಿನವರು ನಿಷೇಧಿಸಿದರು. ಗೇಣಿಯ ಭೂಮಿಯಲ್ಲಿದ್ದವರನ್ನು ಭೂಮಾಲಿಕನು ಬಿಡಿಸಬಹುದಾಗಿತ್ತು. ಹೀಗೆ ಅನ್ನದ ದಾರಿಯನ್ನು ಕಳೆದುಕೊಂಡವರಿಗೆ ಅನ್ನದ ದಾರಿಯನ್ನು ತೋರಿಸುವ ಹೊಣೆಯು ಪಾದ್ರಿಯ ಮೇಲೆ ಬಿದ್ದಿತು. ಪುಸ್ತಕವನ್ನು ಹಿಡಿದು ಬಂದ ಕೈಗಳು ಮಗ್ಗವನ್ನೂ ಮಣ್ಣನ್ನೂ ಹಿಡಿಯಬೇಕಾದುದು ಈ ಕಾರಣದಿಂದ.

ಮೊದಲ ಪ್ರಯತ್ನಗಳು ಅನೇಕವು ಸೋತುವು. ಗದುಗಿನ ಬಳಿಯ ಮಲ್ಲಸಮುದ್ರದಲ್ಲಿ 1840ರ ದಶಕದಲ್ಲಿ ಬೇಸಾಯದ ವಸಾಹತನ್ನು ನಡೆಸಲು ನೋಡಿದರು, ಅದು ನಿಲ್ಲಲಿಲ್ಲ. ಮಂಗಳೂರಿನಲ್ಲಿ ಗಡಿಯಾರದ ಕೆಲಸವನ್ನೂ ಕಲಿಸಿ ನೋಡಿದರು. 1841ರಲ್ಲಿ ಸ್ಥಾಪಿಸಿದ ಮುದ್ರಣಾಲಯವು ನಿಂತಿತು. ಆದರೆ ಅಲ್ಲಿ ಎಷ್ಟು ಮಂದಿಗೆ ಕೆಲಸ ಕೊಡಲಾದೀತು? 1851ರಲ್ಲಿ ಬಂದ ಹಾಲರ್ ಎಂಬ ನೇಯಿಗೆಯವನು ಮಗ್ಗಗಳನ್ನು ವ್ಯವಸ್ಥೆಗೊಳಿಸಿದನು. ಬಣ್ಣ ಹಾಕುವುದರಲ್ಲಿ ನಿಪುಣನಾದ ಅವನ ಕಾಲದಲ್ಲಿ ಮಂಗಳೂರಿನ ಖಾಕಿ ಬಟ್ಟೆಗೆ ಹೆಸರು ಬಂದಿತು. 1865ರಲ್ಲಿ ಪ್ಲೆಬ್ಸ್ಟ್ ಎಂಬ ಯಂತ್ರಜ್ಞನು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದನು. ಅಲ್ಲಿಯ ನದಿದಡಗಳ ಜಿಗಟುಮಣ್ಣು ಒಂದಕ್ಕೊಂದು ಕಚ್ಚಿಕೊಳ್ಳುವ ಹೊಸ ಬಗೆಯ ಹೆಂಚಿಗೆ ಹೇಳಿಮಾಡಿಸಿದಂತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂಬ ನಮ್ಮ ಗಾದೆ ಅಲ್ಲಿ ಅಕ್ಷರಶಃ ನಿಜವಾಯಿತು. ಮಂಗಳೂರು ಹೆಂಚು ಹಡಗು ಹತ್ತಿ ದೂರದ ದೇಶಗಳಿಗೆ ಹೋಯಿತು. ಕುದ್ರೋಳಿಯಲ್ಲಿಯೂ ಮಲ್ಪೆಯಲ್ಲಿಯೂ, ಕೇರಳದ ಕಲ್ಲಿಕೋಟೆಯೇ ಮೊದಲಾದ ಕಡೆಗಳಲ್ಲಿಯೂ ಬೇರೆ ಕಾರ್ಖಾನೆಗಳು ಎದ್ದುವು.

ಇಷ್ಟಾದ ಮೇಲೆ ಲೆಕ್ಕದ ಪ್ರಶ್ನೆ ಬಂದಿತು. ಪಾದ್ರಿಯು ಬೆಳಿಗ್ಗೆ ಪ್ರಸಂಗ ಮಾಡಿ ಮಧ್ಯಾಹ್ನ ಹೆಂಚಿನ ದರವನ್ನು ಕುರಿತು ಚೌಕಾಸಿ ಮಾಡುವುದು ಯುಕ್ತವೇ? ಬಾಸೆಲಿನವರು ಇದಕ್ಕೆ ಕಂಡುಹಿಡಿದ ಉಪಾಯವೆಂದರೆ ಧರ್ಮದ ಕೆಲಸವನ್ನೂ ವ್ಯಾಪಾರವನ್ನೂ ಬೇರೆಮಾಡುವುದು. 1859ರಲ್ಲಿ ಬಾಸೆಲಿನಲ್ಲಿ ಒಂದು ಮಿಶನ್ ವ್ಯಾಪಾರ ಸಂಘವನ್ನು ಸ್ಥಾಪಿಸಿದರು. ಪಾಲು ಹಾಕಿದವರಿಗೆ ಮಿತವಾದ ಲಾಭಾಂಶ. ಅದಕ್ಕೆ ಮೇಲೆ ಉಳಿದುದರಿಂದ ಮಿಶನ್ನಿಗೆ ನೆರವು. 1882ರಲ್ಲಿ ಕಾರ್ಖಾನೆಗಳೂ ಆ ಸಂಘದ ಆಡಳಿತಕ್ಕೆ ಸೇರಿದುವು. ಪಶ್ಚಿಮ ಆಫ್ರಿಕದಲ್ಲಿಯೂ ವ್ಯಾಪಾರ ನಡೆಸಿದ ಈ ಸಂಘವು ಅಲ್ಲಿ ಬೇರೆ ವರ್ತಕರಿಗೆ ವಿಶೇಷ ಲಾಭ ತರುತ್ತಿದ್ದ ಮದ್ಯದ ವ್ಯಾಪಾರಕ್ಕೆ ಕೈಹಾಕಲಿಲ್ಲ. ಎಲ್ಲಿಂದ ಬಂದ ಹಣ ಎಂಬ ಪ್ರಶ್ನೆಯನ್ನು ಅವರು ಮರೆತಿರಲಿಲ್ಲವೆಂಬುದಕ್ಕೆ ಇದೊಂದು ಸಾಕ್ಷ್ಯ.

ಕಾರ್ಖಾನೆಗಳಿಂದ ಆದ ಒಳ್ಳೆಯದನ್ನು ಅಲ್ಲಗಳೆಯುವುದು ನ್ಯಾಯವಲ್ಲ. ಕುಲಕಸಬು ತಪ್ಪಿದವರಿಗೆ ಗೊತ್ತಾದ ಕೂಲಿ, ಗೊತ್ತಾದ ವೇಳೆ, ಭಾನುವಾರದ ವಿರಾಮ ದೊರೆತುವು. ಬೇರೆ ಬೇರೆ ಜಾತಿಗಳಿಂದ ಬಂದವರು ಒಂದೇ ಮಾಡಿನ ಕೆಳಗೆ ಒಂದೇ ಮಣ್ಣನ್ನು ತುಳಿದರು. ಕ್ರೈಸ್ತರಲ್ಲದವರಿಗೂ ಅಲ್ಲಿ ಕೆಲಸ ಸಿಕ್ಕಿತು. ಹೆಂಚಿನ ವಿದ್ಯೆಯು ಮಿಶನ್ನಿನ ಗೋಡೆಯೊಳಗೆ ಉಳಿಯದೆ ಊರಿನ ಇತರ ಉದ್ಯಮಶೀಲರ ಕೈಗೂ ಬಂದು, ಆ ಜಿಲ್ಲೆಗೇ ಒಂದು ದೊಡ್ಡ ಕೈಗಾರಿಕೆಯಾಯಿತು.

ಆದರೆ ಇದರ ಮತ್ತೊಂದು ಮುಖವನ್ನೂ ಹೇಳಬೇಕು. ಧಣಿಯೂ ಗುರುವೂ ಒಂದೇ ಮಿಶನ್ನಿನವರಾದಾಗ ಆಳಿನ ಮನಸ್ಸಾಕ್ಷಿಯ ಸ್ಥಿತಿ ಏನು? ಸಭೆಯಲ್ಲಿ ತಪ್ಪುಮಾಡಿದವನಿಗೆ ಕಾರ್ಖಾನೆಯಲ್ಲಿ ಕೆಲಸ ಹೋದೀತೆಂಬ ಅಂಜಿಕೆಯಿದ್ದರೆ, ಅವನು ಪ್ರಾರ್ಥನೆಗೆ ಬಂದುದು ದೇವರಿಗಾಗಿಯೋ ಕೂಲಿಗಾಗಿಯೋ ಎಂದು ಹೇಳುವವರಾರು? ಅನ್ನಕ್ಕಾಗಿ ಮತ ಬಿಟ್ಟವರು ಎಂಬ ಅಪವಾದವನ್ನು ಹೊರಗಿನವರು ಹೊರಿಸಿದರು. ಒಳಗಿನವರೂ ಅದೇ ಸಂಶಯದಿಂದ ನೊಂದರು. ಕಾರ್ಖಾನೆಯನ್ನು ನೆಮ್ಮಿಕೊಂಡ ಸಭೆಯು ತನ್ನ ಕಾಲಮೇಲೆ ತಾನು ನಿಲ್ಲುವುದನ್ನು ಕಲಿಯಲಾರದೆಂದು ಪಾದ್ರಿಗಳಲ್ಲಿಯೇ ಕೆಲವರು ವಾದಿಸಿದರು.

ಈ ಅಪವಾದವನ್ನು ಸ್ವಲ್ಪ ಸಾವಧಾನವಾಗಿ ತೂಗಿನೋಡಬೇಕು. ಹಸಿದವನಿಗೆ ಅನ್ನ ಕೊಟ್ಟು ಮತವನ್ನು ಕೊಂಡರೆಂದು ಹೇಳುವುದು ಸುಲಭ. ಆದರೆ ಮತವನ್ನು ಬದಲಾಯಿಸಿದುದಕ್ಕಾಗಿ ಅವನ ಅನ್ನವನ್ನು ಕಿತ್ತುಕೊಂಡ ಕೈಗಳೂ ಹಣದ ಬಲದಿಂದಲೇ ಅವನ ಶ್ರದ್ಧೆಯನ್ನು ಕಟ್ಟಿಹಾಕಲು ನೋಡಿದುವಲ್ಲವೇ? ಗೇಣಿಯನ್ನು ಬಿಡಿಸಿದ ಭೂಮಾಲಿಕನೂ, ಕೆಲಸವನ್ನು ಕೊಟ್ಟ ಮಿಶನ್ನೂ, ಇಬ್ಬರೂ ಬಡವನ ಹೊಟ್ಟೆಯ ಮೂಲಕ ಅವನ ಆತ್ಮವನ್ನು ಮುಟ್ಟಿದರು. ಒಬ್ಬನ ಉದ್ದೇಶ ಶಿಕ್ಷೆ, ಮತ್ತೊಬ್ಬನದು ರಕ್ಷೆ. ಆ ಭೇದ ದೊಡ್ಡದು. ಆದರೂ ಬಡವನ ಸ್ವಾತಂತ್ರ್ಯದ ದೃಷ್ಟಿಯಿಂದ ನೋಡಿದರೆ ಎರಡೂ ಕಡೆ ಅಪಾಯವುಂಟು. ಮಾಮೋನನು ಯಜಮಾನನಾಗುವುದು ಸಿರಿವಂತನ ಮನೆಯಲ್ಲಿ ಮಾತ್ರವೆಂದು ನಾವು ತಿಳಿಯುತ್ತೇವೆ. ಕೊಡುವವನ ಕೈಗೂ ತೆಗೆದುಕೊಳ್ಳುವವನ ಕೈಗೂ ನಡುವೆ ಅವನು ನುಸುಳಬಲ್ಲನು.

ಈ ವ್ಯವಸ್ಥೆಗೆ ಪೆಟ್ಟು ಬಿದ್ದುದು ಹೊರಗಿನಿಂದ. 1914ರಲ್ಲಿ ಯೂರೋಪಿನ ಮಹಾಯುದ್ಧ ಹೊತ್ತಿಕೊಂಡಿತು. ಮಿಶನ್ನಿನಲ್ಲಿ ಜರ್ಮನರು ಹೆಚ್ಚಾಗಿದ್ದುದರಿಂದ ಬ್ರಿಟಿಷ್ ಸರ್ಕಾರವು ಅವರನ್ನು ಬಂಧನದಲ್ಲಿಟ್ಟಿತು. ಬಳಿಕ ದೇಶದಿಂದ ಹೊರಡಿಸಿತು. ಕಾರ್ಖಾನೆಗಳು ಶತ್ರುಸ್ವತ್ತೆಂದು ಸರ್ಕಾರದ ವಶವಾಗಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಹೊಸ ಸಂಸ್ಥೆಯ ಪಾಲಾದುವು. ಅರ್ಧ ಶತಮಾನ ಬೆವರು ಸುರಿಸಿ ಕಟ್ಟಿದ ಉದ್ಯಮವು ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಸಭೆಗಳು ಮಾತ್ರ ಕೈಬಿಡಲಿಲ್ಲ. ಕಾರ್ಖಾನೆಯ ಧಣಿ ಬೇರೆಯಾದ ಮೇಲೆಯೂ ಮಂಗಳೂರಿನ ಕ್ರೈಸ್ತರು ಭಾನುವಾರ ದೇವಾಲಯಕ್ಕೆ ಬಂದರು. ಕೂಲಿಗಾಗಿಯೇ ಅವರು ಕ್ರೈಸ್ತರಾದರೆಂಬ ಅಪವಾದಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರವಿಲ್ಲ. ಪಾದ್ರಿಗಳಾಗಲಿ ಅವರ ಟೀಕಾಕಾರರಾಗಲಿ ಕೊಡಲಾರದಿದ್ದ ಈ ಉತ್ತರವನ್ನು ಆ ಬಡ ಕೂಲಿಗಾರರೇ ಕೊಟ್ಟರು.

ಇದೇ ಕಾಲದ ಬೇರೆ ಎರಡು ನಿದರ್ಶನಗಳನ್ನು ಇದರೊಡನೆ ಇಟ್ಟು ನೋಡಬಹುದು. ಮದರಾಸು ಆಧಿಪತ್ಯದಲ್ಲಿ ಅಧಿಕಾರದಲ್ಲಿದ್ದು ನಿವೃತ್ತನಾಗಿ ನೀಲಗಿರಿಯ ಕೇತಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬಾತನು ಬಾಸೆಲ್ ಮಿಶನ್ನಿಗೆ ಬಹಳ ಹಣ ಕೊಟ್ಟನು. ಆ ಹಣದ ಒಂದು ಭಾಗದಿಂದ ಪಾದ್ರಿ ಮೋಗ್ಲಿಂಗನು ಮಂಗಳೂರಿನ ಕಲ್ಲಚ್ಚಿನಲ್ಲಿ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದ ಕನ್ನಡ ಗ್ರಂಥಗಳನ್ನು ಅಚ್ಚುಹಾಕಿಸಿದನು. ಒಬ್ಬ ಕ್ರೈಸ್ತ ಶ್ರೀಮಂತನ ಹಣವು ವೀರಶೈವರ ಮತ್ತು ವೈಷ್ಣವರ ಕಾವ್ಯಗಳ ಉದ್ಧಾರಕ್ಕೆ ಸಂದಿತು. ಅದೇ ಮುದ್ರಣಾಲಯದಿಂದ 1894ರಲ್ಲಿ ಕಿಟ್ಟೆಲನ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದಿತು. ಆ ಪುಸ್ತಕಗಳನ್ನು ತೆರೆಯುವ ಯಾವ ಕನ್ನಡಿಗನೂ ತನ್ನ ಮತವನ್ನು ಹೇಳಬೇಕಾಗಿಲ್ಲ.

ಎರಡನೆಯದು ಕಥೋಲಿಕರಿಗೆ ಸೇರಿದ್ದು. ಜರ್ಮನಿಯಿಂದ ಬಂದ ಯೇಸುಸಭೆಯ ಪಾದ್ರಿ ಆಗಸ್ಟಸ್ ಮುಲ್ಲರ್ ಎಂಬಾತನು 1880ರಲ್ಲಿ ಮಂಗಳೂರಿನಲ್ಲಿ ಬಡವರಿಗೆ ಹೋಮಿಯೋಪತಿ ಔಷಧಿಯನ್ನು ಹಂಚತೊಡಗಿದನು. ಕ್ರಮೇಣ ಕಂಕನಾಡಿಯಲ್ಲಿ ಔಷಧಾಲಯ ಬೆಳೆಯಿತು. ದೇಶದ ಮೂಲೆಮೂಲೆಗಳಿಂದ ಅಂಚೆಯಲ್ಲಿ ಬೇಡಿಕೆ ಬರುತ್ತಿತ್ತು. ಕೊಡಬಲ್ಲವರಿಂದ ಬೆಲೆ ಬರುತ್ತಿತ್ತು. ಆ ಬೆಲೆಯಿಂದ ಬಡವರಿಗೆ ಚಿಕಿತ್ಸೆ ನಡೆಯಿತು; 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಸ್ಥಾನವಾಯಿತು. ಮುಲ್ಲರನು 1910ರಲ್ಲಿ ತೀರಿಕೊಂಡನು. ಅವನ ಹೆಸರಿನ ಆಸ್ಪತ್ರೆಯು ಇಂದಿಗೂ ನಡೆಯುತ್ತಿದೆ. ಕುಷ್ಠರೋಗಿಯಿಂದ ಯಾವ ವ್ಯಾಪಾರಕ್ಕೂ ಲಾಭವಿಲ್ಲ. ಆದುದರಿಂದ ಹಣವು ಅವನ ಬಳಿಗೆ ಹೋದಾಗ ಅದು ಯಾರ ಆಜ್ಞೆಯಿಂದ ಹೋಯಿತೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ.

ಕನ್ನಡಿಗರಿಗೆ ಈ ವಿಚಾರವು ಸಂಪೂರ್ಣವಾಗಿ ಹೊಸದೇನೂ ಅಲ್ಲ. ಜೈನರ ಅಪರಿಗ್ರಹವು ಬೇಕಾದುದಕ್ಕಿಂತ ಹೆಚ್ಚಾಗಿ ಹಿಡಿದಿಡುವುದನ್ನೇ ಬಂಧನವೆಂದು ಎಣಿಸಿತು. ಹನ್ನೆರಡನೆಯ ಶತಮಾನದ ಶರಣರು ಕಾಯಕವನ್ನೂ ದಾಸೋಹವನ್ನೂ ಜೋಡಿಸಿದರು. ಸತ್ಯಶುದ್ಧವಾದ ದುಡಿಮೆಯಿಲ್ಲದೆ ಬಂದ ಹಣ ಅರ್ಪಣೆಗೆ ಯೋಗ್ಯವಲ್ಲ. ದುಡಿದುದನ್ನು ಜಂಗಮಕ್ಕೆ ಸಲ್ಲಿಸದೆ ಕೂಡಿಡುವುದು ಭಕ್ತಿಯಲ್ಲ. ಗುಡಾರದ ಕಸಬಿನ ಪೌಲನೂ, ಜಕ್ಕಾಯನೂ ಆ ಅನುಭವಮಂಟಪದಲ್ಲಿ ಕುಳಿತಿದ್ದರೆ ಅಪರಿಚಿತರಾಗಿರುತ್ತಿರಲಿಲ್ಲವೆಂದು ತೋರುತ್ತದೆ. ಭೇದವೂ ಉಂಟು. ಶರಣನು ತನ್ನ ಕಾಯಕವನ್ನು ತಾನೇ ನಡೆಸಿದವನು. ಹೆಂಚಿನ ಕಾರ್ಖಾನೆಯ ಕೂಲಿಗಾರನಿಗೆ ಮಣ್ಣೂ ತನ್ನದಲ್ಲ, ಯಂತ್ರವೂ ತನ್ನದಲ್ಲ. ಬಂಡವಾಳದ ಯುಗದಲ್ಲಿ ಕಾಯಕದ ಮಹಿಮೆಯನ್ನು ಹೇಳುವಾಗ ಯಾಕೋಬನ ಪತ್ರದ ಕೂಲಿಯ ಮಾತನ್ನೂ ಜೊತೆಗೆ ನೆನೆಯಬೇಕು.

ಇಲ್ಲಿ ಗೋಕಾಕದ ಗಿರಣಿಯನ್ನು ಒಮ್ಮೆ ಹೋಲಿಸಿ ನೋಡಬಹುದು. ಅದು ಜೆಪ್ಪುವಿನ ಹೆಂಚಿನ ಕಾರ್ಖಾನೆಗಿಂತ ಇಪ್ಪತ್ತೆರಡು ವರ್ಷ ಕಿರಿಯದು. ಅದನ್ನು ಕಟ್ಟಿದವರು ಲಾಭಕ್ಕಾಗಿ ಕಟ್ಟಿದರು. ಹಾಗೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಅಲ್ಲಿ ನೂಲು ತೆಗೆದವನಿಗೆ ಕೂಲಿಯ ಹೊರತು ಧಣಿಯೊಡನೆ ಬೇರೆ ಸಂಬಂಧವಿಲ್ಲ. ಜೆಪ್ಪುವಿನಲ್ಲಿ ಸಂಬಂಧ ಹೆಚ್ಚು, ಮಮತೆ ಹೆಚ್ಚು, ಆದುದರಿಂದ ಬಂಧನವೂ ಹೆಚ್ಚು. ಧರ್ಮಬುದ್ಧಿಯಿಂದ ಕಟ್ಟಿದ ಐಶ್ವರ್ಯವು ಲಾಭಬುದ್ಧಿಯಿಂದ ಕಟ್ಟಿದುದಕ್ಕಿಂತ ಮೇಲೆಂದು ಹೇಳಿ ಸುಮ್ಮನಾಗುವಂತಿಲ್ಲ. ಒಳ್ಳೆಯ ಉದ್ದೇಶವುಳ್ಳವನು ತನ್ನ ಲೆಕ್ಕವನ್ನು ಇತರರಿಗಿಂತ ಹೆಚ್ಚು ಬಿಗಿಯಾಗಿ ನೋಡಿಕೊಳ್ಳಬೇಕು. ಏಕೆಂದರೆ ಅವನನ್ನು ಪ್ರಶ್ನಿಸಲು ಜನ ಹಿಂಜರಿಯುತ್ತಾರೆ, ಅವನೂ ತನ್ನನ್ನು ತಾನು ಪ್ರಶ್ನಿಸಿಕೊಳ್ಳಲು ಮರೆಯುತ್ತಾನೆ.

ಹಾಗಾದರೆ ಕ್ರೈಸ್ತ ಶ್ರದ್ಧೆಯು ಐಶ್ವರ್ಯಕ್ಕೆ ಮಿತ್ರನೋ ಶತ್ರುವೋ? ಎರಡೂ ಅಲ್ಲವೆಂದು ಈ ಚರಿತ್ರೆ ಹೇಳುತ್ತದೆ. ಕೌಂಡಿನ್ಯನು ಐಶ್ವರ್ಯವನ್ನು ಬಿಡಬೇಕಾಯಿತು, ಬಿಟ್ಟನು. ಪ್ಲೆಬ್ಸ್ಟ್ ಅದನ್ನು ಮಣ್ಣಿನಿಂದ ಉತ್ಪತ್ತಿಮಾಡಬೇಕಾಯಿತು, ಮಾಡಿದನು. ಕ್ಯಾಸಮೇಜರ್ ಅದನ್ನು ದಾನಮಾಡಿದನು. ಮುಲ್ಲರ್ ಒಂದು ಕೈಯಿಂದ ಪಡೆದು ಮತ್ತೊಂದು ಕೈಯಿಂದ ಹಂಚಿದನು. ನಾಲ್ವರೂ ಒಂದೇ ಗುರುವಿನ ಶಿಷ್ಯರು. ಅವರ ಹಾದಿಗಳು ಬೇರೆಯಾದರೂ, ಹಣ ತಮ್ಮದೆಂದು ಯಾರೂ ಹಿಡಿದುಕೊಳ್ಳಲಿಲ್ಲ. ಇಷ್ಟರಲ್ಲಿ ಅವರು ಗ್ರಂಥದ ಬೋಧೆಗೆ ಅನುಸಾರವಾಗಿ ನಡೆದರು. ಅವರ ಕಾರ್ಯದಲ್ಲಿ ಎಲ್ಲಿ ಕುಂದು ಕಂಡಿತೆಂದರೆ, ಕೊಟ್ಟುದು ಪಡೆದವನನ್ನು ಸ್ವತಂತ್ರನನ್ನಾಗಿ ಮಾಡದೆ, ಕೊಟ್ಟವನಿಗೆ ಅಂಟಿಕೊಳ್ಳುವಂತೆ ಮಾಡಿದ ಕಡೆಯಲ್ಲಿ.

ಕಾಂಕ್ರೀಟಿನ ಚಾವಣಿಗಳು ಬಂದ ಮೇಲೆ ಮಂಗಳೂರಿನ ಹೆಂಚಿನ ಕಾರ್ಖಾನೆಗಳಲ್ಲಿ ಬಹಳವು ಮುಚ್ಚಿಹೋಗಿವೆ. ಎತ್ತರದ ಹೊಗೆಗೊಳವೆಗಳು ಒಂದೊಂದಾಗಿ ಇಳಿದಿವೆ. ಹಳೆಯ ಮನೆಗಳ ಮೇಲೆ ಆ ಹೆಂಚುಗಳು ಇನ್ನೂ ಕುಳಿತಿವೆ. ಅವುಗಳ ಕೆಳಗೆ ಮಲಗುವವರಲ್ಲಿ ಕ್ರೈಸ್ತರೂ ಉಂಟು, ಕ್ರೈಸ್ತರಲ್ಲದವರೂ ಉಂಟು. ಮಳೆ ಯಾರ ಮೇಲೆಯೂ ಸೋರುವುದಿಲ್ಲ. ನಮ್ಮ ನಮ್ಮ ಮತಗಳ ಹೆಸರಿನಲ್ಲಿ ಹಣ ಕೂಡಿಸುವ, ಶಾಲೆ ಆಸ್ಪತ್ರೆಗಳನ್ನು ಕಟ್ಟುವ, ಮಠ ಮಂದಿರಗಳನ್ನು ನಡೆಸುವ ನಾವೆಲ್ಲರೂ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಮ್ಮ ಬಾಗಿಲಿಗೆ ಬಂದವನು ನೆರವನ್ನು ಪಡೆದು, ನಮ್ಮನ್ನು ಒಪ್ಪದೆಯೂ, ತಲೆಯೆತ್ತಿಕೊಂಡು ಹಿಂದಿರುಗಿ ಹೋಗಬಲ್ಲನೇ? ಹೋಗಬಲ್ಲನಾದರೆ ಅಲ್ಲಿ ಹಣವು ಆಳಾಗಿದೆ. ಹೋಗಲಾರನಾದರೆ, ಗೋಪುರದ ಮೇಲೆ ಯಾವ ಗುರುತನ್ನು ನಿಲ್ಲಿಸಿದ್ದರೂ, ಒಳಗೆ ಪೂಜೆಗೊಳ್ಳುತ್ತಿರುವವನು ಮಾಮೋನನೇ.